ಎರಡನೆಯದಕ್ಕೆ ವಿಶ್ರಾಂತಿ

ಒಂದಿದೆಯೋ ಎರಡಿದೆಯೋ ಎಂಬುದೂ ಒಂದು ಪ್ರಶ್ನೆಯೇ ಎಂದು ನಾಣಿ ಮೊದಲು ನಕ್ಕುಬಿಟ್ಟ. ನಕ್ಕು, ಫೋನಿಟ್ಟು, ಹಲಸೂರಿನ ಆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕಾಫಿ ಲೋಟ ಹಿಡಿದು ಕೂತವನಿಗೆ, ಕಾಫಿಯ ಮೇಲೆ ಕೆನೆ ಕಟ್ಟಿ ಸುಕ್ಕಾಗುವ ಹೊತ್ತಿಗೆ, ತಾನು ನಕ್ಕದ್ದು ಯಾಕೆಂದೇ ತಿಳಿಯದೆ ಹೋಯಿತು. ಫೋನು ಮಾಡಿದ್ದವಳು ಪದ್ಮಶ್ರೀ. ಅವನು ಮೂವತ್ತಮೂರು ವರ್ಷ ದುಡಿದು ಐದು ವರ್ಷದ ಹಿಂದೆ ರಿಟೈರ್ ಆದ ಕಾರ್ಖಾನೆಯ ಕಂಪ್ಯೂಟರ್ ಸೆಕ್ಷನ್ನನ್ನು ಈಗ ನೋಡಿಕೊಳ್ಳುತ್ತಿರುವ ಹುಡುಗಿ. ವಿಷಯ ಇಷ್ಟೇ. ಅಲ್ಲಿ ಇನ್ನೂ ಹೇಗೋ ಓಡಿಕೊಂಡಿರುವ ಹಳೆಯ ಯುನಿಕ್ಸ್ ಯಂತ್ರವನ್ನು ನಾಳೆ ಖಾಯಮ್ಮಾಗಿ ಆರಿಸುತ್ತಾರೆ. ಅದರ ಕೆಲಸವನ್ನು ಹೊಸ ಯಂತ್ರಕ್ಕೆ ಸಾಗಿಸುವ ಕಂಪನಿಯವರಿಗೆ, ಹಳೆಯದರೊಳಗೆ ಇರುವುದು ಯಾವ ಪ್ರೊಸೆಸರ್, ಎಷ್ಟಿವೆ, ಅದು ಯಾಕೆ ಅಷ್ಟು ನಿಧಾನ ಎಂದು ಇವತ್ತು ಸಂಜೆ ಐದರೊಳಗೆ ಬರೆದುಕೊಡಬೇಕು. ಡಬ್ಬಿಯ ಮೇಲಿನ ಚೀಟಿ ಒಂದೇ ಅನ್ನುತ್ತದೆ, ಒಳಗಿನ ಪಟ್ಟಿ ಎರಡು ಅನ್ನುತ್ತದೆ, ಕೆಲಸ ನೋಡಿದರೆ ಒಂದೂ ಪೂರ್ತಿ ಇದ್ದ ಹಾಗಿಲ್ಲ. ಅದನ್ನು ತಂದವರು ನೀವೇ ಅಂತೆ ಸಾರ್, ಒಂದು ಸಲ ಬಂದು ಹೋಗಿ ಎಂದಿದ್ದಳು. ಎರಡು, ಎಂದ ನಾಣಿ ಬಾಲ್ಕನಿಯ ಕಂಬಿಗೆ. ಅಡುಗೆಮನೆಯಿಂದ ಹೆಂಡತಿ ಕೋಕಿಲಾ, ಇಡ್ಲಿ ಎರಡೇ ಸಾಕಾ ಎಂದು ಕೇಳಿದಳು. ಅಷ್ಟರಲ್ಲಾಗಲೇ ಎದ್ದು ಷರಟು ಹಾಕಿಕೊಳ್ಳುತ್ತಿದ್ದ ಅವನು ಇಡ್ಲಿಯೇ ಬೇಡವೆಂದ. ಅಷ್ಟು ವರ್ಷ ಒಂದು ದಿನವೂ ಖಾಲಿ ಹೊಟ್ಟೆಯಲ್ಲಿ ಕಾರ್ಖಾನೆಗೆ ಹೋಗದ ಗಂಡ ಇವತ್ತು ಹಾಗೆ ಹೊರಟದ್ದು ನೋಡಿ ಅವಳು ಬಾಗಿಲವರೆಗೂ ಬಂದು, ಹುಷಾರಾಗಿದ್ದೀರಿ ತಾನೆ ಎಂದು ಕೇಳಿದಳು. ಹುಷಾರಾಗಿಯೇ ಇದ್ದ. ಅದೇ ಅವನಿಗೆ ಅರ್ಥವಾಗಲಿಲ್ಲ.

ಮೆಟ್ರೋದಲ್ಲಿ ಹಿರಿಯರ ಸೀಟಿನಲ್ಲಿದ್ದ ಹುಡುಗಿಯೊಬ್ಬಳು ಇವನ ಮುಖ ನೋಡಿ ಎದ್ದಳು. ಬೇಡಮ್ಮ, ಕೂತ್ಕೋ ಎಂದ, ಅವಳು ಕೂತೇಬಿಟ್ಟಳು; ಇವನು ಇಂದಿರಾನಗರ ದಾಟಿದ ಮೇಲೂ ಮೊಣಕಾಲು ನೋಯಿಸಿಕೊಂಡು, ತನ್ನ ದೊಡ್ಡಸ್ತಿಕೆಗೆ ತಾನೇ ಶಾಪ ಹಾಕುತ್ತಾ ನಿಂತ. ಆ ಯಂತ್ರ ಬಂದದ್ದು ಎರಡು ಸಾವಿರದ ಮೂರರಲ್ಲಿ. ಲಾರಿಯಿಂದ ಇಳಿಸುವಾಗ ತೆಂಗಿನಕಾಯಿ ಒಡೆದದ್ದು, ಎರಡು ಪ್ರೊಸೆಸರ್ ಇರುವ ಯಂತ್ರ ನಮ್ಮಲ್ಲಿ ಇದೇ ಮೊದಲೆಂದು ಇವನು ಎಲ್ಲರೆದುರು ಭಾಷಣ ಬಿಗಿದದ್ದು ಚೆನ್ನಾಗಿ ನೆನಪಿದೆ. ಆಗ ಸೆಕ್ಷನ್ನಿನಲ್ಲಿ ಹೆಲ್ಪರ್ ಆಗಿದ್ದ ರಾಮಾಂಜಿನಪ್ಪ ಒಡೆದ ಕಾಯಿಯ ಚೂರು ಆರಿಸುತ್ತಾ, ಎರಡಿದ್ದರೆ ಎರಡರಷ್ಟು ಬೇಗ ಕೆಲಸ ಆಗುತ್ತದಾ ಸಾರ್ ಎಂದು ಕೇಳಿದ್ದ. ಪ್ರೋಗ್ರಾಂ ಹಾಗೆ ಬರೆದಿದ್ದರೆ ಆಗುತ್ತಪ್ಪ ಎಂದು ಇವನು ಹೇಳಿದ್ದ. ಅವನು ಅದನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾನೆಂದು ಯಾರಿಗೆ ಗೊತ್ತಿತ್ತು? ಕಾರ್ಖಾನೆ ಎದ್ದ ಜಾಗದಲ್ಲಿ ರಾಮಾಂಜಿನಪ್ಪನ ಅಪ್ಪ ರಾಗಿ ಬೆಳೆಯುತ್ತಿದ್ದರು. ಜಮೀನು ಕೊಟ್ಟ ಮನೆಗೊಂದು ಕೆಲಸ ಎಂಬ ಲೆಕ್ಕದಲ್ಲಿ ಮಗ ಒಳಗೆ ಬಂದಿದ್ದ. ಪರೀಕ್ಷೆ ಬರೆದು, ಇಂಟರ್‌ವ್ಯೂ ದಾಟಿ ಬಂದ ನಾಣಿಯಂಥವರು ಅವರನ್ನು ಜಮೀನಿನವರು ಎನ್ನುತ್ತಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಹಾಗೇ ರೂಢಿ. ಟೇಪು ಹೊತ್ತುಕೊಂಡು, ಪ್ರಿಂಟರಿಗೆ ಕಾಗದ ಹಾಕಿಕೊಂಡು ಇದ್ದ ಆ ಜಮೀನಿನವನು ಶಿಫ್ಟ್ ಮುಗಿಸಿ ಬಸ್ಸು ಹಿಡಿದು, ಶಿವಾಜಿನಗರದ ಯಾವುದೋ ಮಹಡಿಯ ಮೇಲಿನ ಕಂಪ್ಯೂಟರ್ ಕ್ಲಾಸಿಗೆ ನಾಲ್ಕು ವರ್ಷ ಮಣ್ಣು ಹೊತ್ತ ಹಾಗೆ ಹೋಗಿ ಬಂದು, ಐದನೆಯ ವರ್ಷ ಒಂದು ಪ್ರೋಗ್ರಾಂ ಬರೆದುಕೊಂಡು ನಾಣಿಯ ಟೇಬಲ್ಲಿನ ಮುಂದೆ ನಿಂತ. ಕಾರ್ಖಾನೆಯಲ್ಲಿ ಮಾಡುವುದು ಎಂಜಿನ್ನಿನ ಬ್ಲೇಡು. ಪ್ರತಿ ಬ್ಲೇಡನ್ನೂ ಅಲುಗಾಡಿಸಿ, ಅದು ಹೇಗೆ ನಡುಗುತ್ತದೆಂದು ಅಳೆದು, ಆ ಅಳತೆಯನ್ನೆಲ್ಲ ಯಂತ್ರದಲ್ಲಿ ಹಾಕಿ ಪಾಸೋ ಫೇಲೋ ಎಂದು ತೀರ್ಮಾನಿಸಬೇಕು. ಇದ್ದ ಪ್ರೋಗ್ರಾಂ ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ತನ್ನದು ಇಪ್ಪತ್ತು ನಿಮಿಷಕ್ಕೆ ಮುಗಿಸುತ್ತದೆಂದು ರಾಮಾಂಜಿನಪ್ಪ ಹೇಳಿದ. "ಇಬ್ರು ಸೇರಿ ರೊಟ್ಟಿ ಮಾಡ್ದಂಗೆ ಸಾರ್. ಒಬ್ರು ತಟ್ತಾ ಇರೋದು, ಒಬ್ರು ಬೇಯಿಸ್ತಾ ಇರೋದು. ಯಾರೂ ಕಾಯ್ಕೊಂಡ್ ಕೂರಲ್ಲ."

ಅದನ್ನು ಯಂತ್ರಕ್ಕೆ ಹಾಕಿದ್ದು ಎರಡು ಸಾವಿರದ ಒಂಬತ್ತರ ಜನವರಿಯಲ್ಲಿ. ಇಪ್ಪತ್ತು ನಿಮಿಷವಲ್ಲ, ಐವತ್ತು ತೆಗೆದುಕೊಂಡಿತು. ಪರೀಕ್ಷೆಯ ಶೆಡ್ಡಿನವರು ಅದನ್ನು ಓಡಲು ಬಿಟ್ಟು ಟೀ ಕುಡಿಯಲು ಹೋಗುತ್ತಿದ್ದರು. ಅದಕ್ಕೆ ರಾಮಾಂಜಿನಪ್ಪನ ಟೀ ಎಂದೇ ಹೆಸರಾಯಿತು. ತಮಾಷೆಯೆಂದರೆ ಹೊಸ ಮಾದರಿಯ ಬ್ಲೇಡುಗಳ ಅಳತೆ ಹಳೆಯ ಪ್ರೋಗ್ರಾಮಿಗೆ ಹಿಡಿಸುತ್ತಿರಲಿಲ್ಲ, ಹಾಗಾಗಿ ಬೈದುಕೊಂಡೇ ಇವತ್ತಿನವರೆಗೂ ಅವನದನ್ನೇ ಓಡಿಸಿದರು. ಯಾಕೆ ಹೀಗಾಯಿತೆಂದು ವರದಿ ಕೊಡಿ ಎಂದಾಗ ಕೊಟ್ಟವನು ನಾಣಿ. ಎರಡು ಭಾಗ ಮಾಡಿ ಬರೆದ ವಿಧಾನವೇ ತಪ್ಪು, ಬರೆದವರಿಗೆ ತಕ್ಕ ತಿಳಿವಳಿಕೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದೂವರೆ ಪುಟ, ಕೆಳಗೆ ಸಹಿ. ಆ ಒಂದೂವರೆ ಪುಟದ ಬಲದ ಮೇಲೆ ರಾಮಾಂಜಿನಪ್ಪನನ್ನು ಗೇಟ್ ಪಾಸ್ ಸೆಕ್ಷನ್ನಿಗೆ ಹಾಕಿದರು. ಒಳಗಿನಿಂದ ಹೊರಗೆ ಹೋಗುವ ಸಾಮಾನಿಗೆ ಚೀಟಿ ಬರೆಯುವ ಕೆಲಸ. ಹದಿಮೂರು ವರ್ಷ ಅಲ್ಲೇ ಇದ್ದು ಅಲ್ಲಿಂದಲೇ ರಿಟೈರ್ ಆದ. ಈಗ ಸಂಜೆಯೊಳಗೆ ಯಂತ್ರ ಯಾಕೆ ನಿಧಾನ ಎಂದು ಬರೆಯಬೇಕಾದ ಕೈಯೂ ಅದೇ. ಬೈಯಪ್ಪನಹಳ್ಳಿ ಬಂತು, ಬೆನ್ನಿಗಾನಹಳ್ಳಿ ಬಂತು; ಕೆ. ಆರ್. ಪುರದಲ್ಲಿ ಬಾಗಿಲು ತೆರೆದಾಗ ಯಾರೋ ಹಿಂದಿನಿಂದ ತಳ್ಳಿದ್ದರಿಂದ ಇಳಿದ.

ಗೇಟಿನಲ್ಲಿ ರಹೀಂ ಎಂದು ಎದೆಯ ಮೇಲೆ ಹೆಸರು ಬರೆದುಕೊಂಡ ಗಾರ್ಡು ಆಧಾರ್ ಕೊಡಿ ಸಾಬ್ ಎಂದ. ತಾನು ಇಲ್ಲಿಯವನೇ ಎಂದು ನಾಣಿ ಹೇಳಿದ. ಎಲ್ಲರೂ ಹಾಗೇ ಹೇಳುತ್ತಾರೆ ಎಂಬಂತೆ ರಹೀಂ ಕೈ ಚಾಚಿಕೊಂಡೇ ನಿಂತ. ಮೊಬೈಲಿನ ಕ್ಯಾಮೆರಾದ ಮೇಲೆ ಸ್ಟಿಕ್ಕರ್ ಅಂಟಿಸಿ, ಕೊರಳಿಗೆ ಕೆಂಪು ಪಟ್ಟಿಯ ಪಾಸು ಹಾಕಿ, ದಪ್ಪ ರಿಜಿಸ್ಟರನ್ನು ಮುಂದಕ್ಕೆ ಎಳೆದು, ಆಧಾರ್ ನೋಡಿ ಕೆ. ಎಸ್. ನಾರಾಯಣ ಎಂದು ಬರೆದುಕೊಂಡ. ಅದರಲ್ಲಿ ಹಳೆಯ ನೌಕರರಿಗೆಂದೇ ಒಂದು ಕಾಲಂ: ಯಾವ ಸೆಕ್ಷನ್ನಿನಲ್ಲಿದ್ದವರು. ಕಂಪ್ಯೂಟರ್ ಎಂದ ನಾಣಿ. ಹೆಡ್ ಆಗಿದ್ದೆ ಎಂದೂ ಸೇರಿಸಿದ. ಜಾಗ ಸಾಲದೆಂದು ರಹೀಂ ಹೆಡ್ ಅನ್ನು ಬರೆಯಲಿಲ್ಲ. ಮೇಲಿನ ಸಾಲಿನಲ್ಲಿ ಆಗಲೇ ಒಂದು ಹೆಸರಿತ್ತು. ರಾಮಾಂಜಿನಪ್ಪ, ಗೇಟ್ ಪಾಸ್, ಒಂಬತ್ತು ಇಪ್ಪತ್ತು. ಇವರು ಯಾಕೆ ಬಂದರು ಎಂದು ನಾಣಿ ಕೇಳಿದ. ಮೇಡಂ ಕರೆಸಿದ್ದಾರೆ, ಅವರದ್ದು ಏನೋ ಪ್ರೋಗ್ರಾಂ ಇದೆಯಂತಲ್ಲ ಎಂದ ರಹೀಂ. ರಾಮಾಂಜಿನಪ್ಪ ಸಾಬ್ ಹತ್ತಿರ ಆಧಾರ್ ಕೇಳಲಿಕ್ಕಾಗುತ್ತದಾ, ನಮಗೆಲ್ಲ ಇಲ್ಲಿ ಕೆಲಸ ಕಲಿಸಿದವರೇ ಅವರು ಎಂದು, ಯಾರೂ ಕೇಳದಿದ್ದರೂ ಹೇಳಿದ.

ಯಂತ್ರದ ಕೋಣೆ ಮೊದಲಿಗಿಂತ ಚಿಕ್ಕದಾಗಿತ್ತು. ಕೋಣೆ ಚಿಕ್ಕದಾಗುತ್ತದೆಯೇ? ಅವನ ಟೇಬಲ್ಲು ಇದ್ದಲ್ಲಿ ಬ್ಯಾಟರಿಗಳನ್ನು ಜೋಡಿಸಿದ್ದರು. ಬೆಳಿಗ್ಗೆ ಅವನ್ನು ಬದಲಾಯಿಸಲು ಕರೆಂಟು ತೆಗೆದಿದ್ದರಂತೆ. ಯಂತ್ರ ಆರಿ, ಏಳು ಹತ್ತಕ್ಕೆ ಮತ್ತೆ ತಾನೇ ಹೊತ್ತಿಕೊಂಡಿತಂತೆ. ಪದ್ಮಶ್ರೀ ಎದ್ದು ನಿಂತು ಕುರ್ಚಿ ಕೊಟ್ಟಳು. ರಾಮಾಂಜಿನಪ್ಪನೂ ಎದ್ದ. ತಲೆ ಪೂರ್ತಿ ಬೆಳ್ಳಗಾಗಿದೆ, ಮೈ ಕೈ ತುಂಬಿಕೊಂಡಿದ್ದಾನೆ, ಬಿಳಿ ಷರಟು, ಕೈಯಲ್ಲಿ ಒಂದು ಬಟ್ಟೆ ಚೀಲ. ಆರಾಮಾ ಸಾರ್ ಎಂದ. ಮನೆಯಲ್ಲಿ ಮೇಡಂ ಹೇಗಿದ್ದಾರೆ ಎಂದು ಕೇಳಿದ. ಉಳಿದಿದ್ದ ಜಮೀನಿನಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದೇನೆ, ಹಿತ್ತಿಲಲ್ಲಿ ಒಂದು ಸೀತಾಫಲದ ಗಿಡ ಬಿಟ್ಟುಕೊಂಡಿದ್ದೇನೆ ಎಂದು ಚೀಲದಿಂದ ನಾಲ್ಕು ಹಣ್ಣು ತೆಗೆದು ಯಂತ್ರದ ಪಕ್ಕ ಇಟ್ಟ. ನಾಣಿಗೆ ಅವನು ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಬೈಯುವುದಿರಲಿ, ಮಾತಿಗೊಂದು ಸಾರ್ ಸೇರಿಸುತ್ತಿದ್ದಾನೆ. ಇವನಿಗೆ ಏನೂ ನೆನಪಿಲ್ಲವೋ, ಎಲ್ಲ ನೆನಪಿದ್ದೇ ಹೀಗಿದ್ದಾನೋ ಎಂದು ನೋಡಲು ಅವನ ಕಣ್ಣು ಹುಡುಕಿದರೆ, ಕಣ್ಣು ಪರದೆಯ ಮೇಲಿತ್ತು.

ಚೀಟಿಯ ಗೊಂದಲವನ್ನು ಬಿಡಿಸಿದ್ದೂ ಅವನೇ. ಇದರ ಮುಚ್ಚಳವೂ ಡ್ರಾಯಿಂಗ್ ಸೆಕ್ಷನ್ನಿನ ಯಂತ್ರದ ಮುಚ್ಚಳವೂ ಒಂದೇ ದಿನ ಪೇಂಟಿಗೆ ಹೋಗಿ, ಬರುವಾಗ ಅದಲು ಬದಲಾದವು. ಒಂದೇ ಪ್ರೊಸೆಸರ್ ಎಂಬ ಚೀಟಿ ಆ ಯಂತ್ರದ್ದು, ಎರಡಕ್ಕೂ ಗೇಟ್ ಪಾಸ್ ಬರೆದವನು ನಾನೇ ಎಂದ. ಪದ್ಮಶ್ರೀಗೆ ನಗು ಬಂತು. ಹಾಗಾದರೆ ಒಳಗಿನ ಪಟ್ಟಿಯೇ ಸರಿ, ಎರಡು, ಎಂದು ನಾಣಿ ಎದೆಯುಬ್ಬಿಸಿ ಹೇಳಿದ. ನಿಧಾನದ ಕಾರಣಕ್ಕೆ ಹಳೆಯ ವರದಿ ಇದ್ದೇ ಇದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ರಾಮಾಂಜಿನಪ್ಪನ ಬಿಳಿ ಷರಟು ನೋಡಿ ಹಿಂದಕ್ಕೆ ಹೋಯಿತು. ಆದರೆ ಪದ್ಮಶ್ರೀ ಸುಮ್ಮನಿರುವವಳಲ್ಲ. ಪಟ್ಟಿ ಹೇಳುವುದು ಒಳಗೆ ಎಷ್ಟು ಕೂರಿಸಿದ್ದಾರೆಂದು ಮಾತ್ರ ಸಾರ್, ಎಷ್ಟು ಕೆಲಸ ಮಾಡುತ್ತಿವೆ ಎಂದು ಕೇಳಲು ಬೇರೆ ಆಜ್ಞೆ ಇದೆಯಲ್ಲ ಎಂದು ಅದನ್ನು ಒತ್ತಿದಳು. ಪರದೆಯ ಮೇಲೆ ಎರಡು ಸಾಲು ಬಂದವು. ಮೊದಲನೆಯದು ಕೆಲಸ ಮಾಡುತ್ತಿದೆ. ಎರಡನೆಯದು ಆಫ್‌ಲೈನ್, ಇವತ್ತು ಬೆಳಿಗ್ಗೆ ಏಳು ಹದಿನಾಲ್ಕರಿಂದ.

ಇವತ್ತು ಬೆಳಿಗ್ಗೆಯಿಂದ ಎಂಬ ಮಾತು ಓದಿ ನಾಣಿಗೆ ಜೀವ ಬಂದಂತಾಯಿತು. ಕೆಟ್ಟದ್ದು ಇವತ್ತು. ವಯಸ್ಸಾಗಿದೆ, ಕರೆಂಟು ತೆಗೆದಾಗ ಹೋಗಿದೆ, ಇವತ್ತಿಗೂ ಹಿಂದಿನದಕ್ಕೂ ಏನು ಸಂಬಂಧ? ಕೆಟ್ಟಿರಬೇಕು ಪದ್ಮಶ್ರೀ, ಹಾಗೇ ಬರೆದುಬಿಡಿ ಎಂದ. ಅವಳು ಬರೆಯಲಿಲ್ಲ, ಎರಡನೆಯದನ್ನು ಎಬ್ಬಿಸಿ ನೋಡಿದಳು. ಒಂದು ಚೂರೂ ತಕರಾರು ಮಾಡದೆ ಅದು ಎದ್ದಿತು. ಕೆಟ್ಟದ್ದು ಹೀಗೆ ಏಳುತ್ತದಾ ಎಂದು ಅವಳು ಯಂತ್ರವನ್ನೇ ಆರಿಸಿ ಮತ್ತೆ ಹೊತ್ತಿಸಿದಳು. ಬಂದಾಗ ನೋಡಿದರೆ ಎರಡನೆಯದು ಮತ್ತೆ ಮಲಗಿದೆ. ಇನ್ನೊಂದು ಸಲ, ಮತ್ತೆ ಅದೇ. ಕೆಟ್ಟಿಲ್ಲ ಸಾರ್, ಪ್ರತಿ ಸಲ ಶುರುವಾಗುವಾಗ ಯಾರೋ ಅದನ್ನು ಆರಿಸುತ್ತಿದ್ದಾರೆ, ಎಂದಳು. ಯಾರೋ! ಕೋಣೆಯಲ್ಲಿ ಇದ್ದವರು ಮೂವರು. ನಾಣಿ ತಿರುಗಿ ಬಾಗಿಲ ಕಡೆ ನೋಡಿದ. ಎಸಿ ಗಾಳಿ ನೇರ ಕುತ್ತಿಗೆಗೆ ಹೊಡೆಯುತ್ತಿತ್ತು. ಕೊರಳ ಪಾಸಿನ ದಾರ ಬೆವರಿಗೆ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಹೊಸಿಲಾಚೆ ನಿಂತಿದ್ದದ್ದು ಈಗ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದೆ ಎಂದು ಅವನಿಗೆ ಗೊತ್ತಾಯಿತು. ಯಾರೆಂದು ಮಾತ್ರ ಇನ್ನೂ ಗೊತ್ತಾಗಲಿಲ್ಲ, ಅಥವಾ ಗೊತ್ತಾಗುವುದು ಬೇಡವಾಗಿತ್ತು.

ಪದ್ಮಶ್ರೀ ಯಂತ್ರ ಶುರುವಾಗುವಾಗ ತಾನಾಗಿ ಓಡುವ ಕಡತಗಳನ್ನು ಒಂದೊಂದಾಗಿ ತೆರೆಯುತ್ತಾ ಹೋಗಿ, ಕಟ್ಟಕಡೆಯದಕ್ಕೆ ಬಂದು ನಿಂತಳು. ಅದರ ಹೆಸರು ಪೂಜಾ. ಒಳಗೆ ಎರಡೇ ಸಾಲು. ಒಂದು, ಎರಡನೇ ಪ್ರೊಸೆಸರನ್ನು ಆರಿಸು ಎಂಬ ಆಜ್ಞೆ. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಂಡ ಟಿಪ್ಪಣಿ: ಪೂಜೆಗೆ ವಿಶ್ರಾಂತಿ, ದಸರಾ ಮುಗಿದ ಮೇಲೆ ತೆಗೆಯುವುದು. ತಾರೀಖು ಎರಡು ಸಾವಿರದ ಎಂಟರ ಅಕ್ಟೋಬರ್ ಎಂಟು. ಇದು ಯಾರು ಸಾರ್ ಹಾಕಿದ್ದು ಎಂದು ಅವಳು ಕುರ್ಚಿ ತಿರುಗಿಸಿ ಕೇಳಿದಳು. ನಾಣಿ, ಯೋಚಿಸಬೇಕಾದ ಅಗತ್ಯವೇ ಇಲ್ಲದವನ ಹಾಗೆ, ಯಂತ್ರದ ಕಂಪನಿಯ ಇಂಜಿನಿಯರುಗಳು ಬಂದಾಗ ಏನೇನೋ ಹಾಕಿ ಹೋಗುತ್ತಿದ್ದರು ಎಂದುಬಿಟ್ಟ. ಮಾತು ಬಾಯಿಂದ ಎಷ್ಟು ಸಲೀಸಾಗಿ ಬಂತೆಂದರೆ ಅರೆಗಳಿಗೆ ಅವನೇ ಅದನ್ನು ನಂಬಿದ. ಕಂಪನಿಯವರು ಆಯುಧ ಪೂಜೆ ಮಾಡುತ್ತಿದ್ದರಾ ಎಂದು ಪದ್ಮಶ್ರೀ ನಕ್ಕಳು. ಅವಳ ನಗುವಿನಲ್ಲಿ ಏನೂ ಇರಲಿಲ್ಲ. ರಾಮಾಂಜಿನಪ್ಪ ನಗಲಿಲ್ಲ, ಸೀತಾಫಲವೊಂದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ. ಆ ಕಡತ ತೆಗೆದು, ಎರಡನ್ನೂ ಎಬ್ಬಿಸಿ, ನನ್ನ ಪ್ರೋಗ್ರಾಮನ್ನು ಒಂದು ಸಲ ಓಡಿಸುತ್ತೀರಾ ಮೇಡಂ ಎಂದು ಕೇಳಿದ. ಅವಳು ಒಂದು ಬ್ಲೇಡಿನ ಅಳತೆ ಹಾಕಿ ಶುರು ಮಾಡಿದಳು. ರಾಮಾಂಜಿನಪ್ಪ ವಾಚು ಬಿಚ್ಚಿ ಹಣ್ಣಿನ ಪಕ್ಕ ಇಟ್ಟ. ಹನ್ನೊಂದು ಗಂಟೆ ಮೂರು ನಿಮಿಷ.

ಎಂಟರ ಆ ದಸರಾದಲ್ಲಿ ಸುದರ್ಶನ್ ಸಾಹೇಬರು ಮ್ಯಾನೇಜರು, ಮಹಾ ದೈವಭಕ್ತರು. ಆಯುಧ ಪೂಜೆಯ ದಿನ ಆಯುಧ ನಡೆಯಬಾರದು ಎಂದು ಅವರ ಹಟ. ಅದೇ ವಾರ ಒಂದು ಬ್ಲೇಡನ್ನು ಹತ್ತು ದಿನ ಬಿಡದೆ ಅಲುಗಾಡಿಸುವ ಪರೀಕ್ಷೆ ನಡೆಯುತ್ತಿತ್ತು. ಯಂತ್ರ ನಿಂತರೆ ಒಂಬತ್ತು ದಿನದ ಅಳತೆ ಹೋಮ. ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾಣಿಗೆ ಹೊಳೆಯಿತು. ಎರಡಿದೆಯಲ್ಲ ಸಾರ್, ಒಂದಕ್ಕೆ ವಿಶ್ರಾಂತಿ ಕೊಡೋಣ, ಒಂದು ನಡೆಯಲಿ. ದೇವರಿಗೂ ಆಯಿತು, ಬ್ಲೇಡಿಗೂ ಆಯಿತು. ಸಾಹೇಬರು ಇವನ ಬೆನ್ನು ತಟ್ಟಿದ್ದರು. ಎಂಥ ತಲೆ ಕಣಯ್ಯಾ ನಿನ್ನದು ಎಂದಿದ್ದರು. ಎಲ್ಲರೆದುರು ಎರಡನೆಯದನ್ನು ಆರಿಸಿ, ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಮಂಗಳಾರತಿ ಎತ್ತಿದ್ದರು. ನಡುವೆ ಕರೆಂಟು ಹೋಗಿ ಬಂದರೂ ವ್ರತ ಕೆಡಬಾರದೆಂದು ನಾಣಿ ಆ ಎರಡು ಸಾಲಿನ ಕಡತ ಬರೆದಿಟ್ಟ. ದಸರಾ ಮುಗಿಸಿ ಬಂದ ಸೋಮವಾರ ಎರಡನೆಯದನ್ನು ಕೈಯಾರೆ ಎಬ್ಬಿಸಿದ್ದೂ ಹೌದು. ಕಡತ ತೆಗೆಯುವುದು ಮರೆಯಿತು, ಅಷ್ಟೇ. ಎಬ್ಬಿಸಿದ್ದು ಎದ್ದೇ ಇತ್ತು, ಜನವರಿಯಲ್ಲಿ ಒಂದು ಭಾನುವಾರ ಕರೆಂಟು ಹೋಗುವವರೆಗೆ. ಯಂತ್ರ ತಾನೇ ಹೊತ್ತಿಕೊಂಡಿತು, ಕಡತ ತನ್ನ ಕೆಲಸ ಮಾಡಿತು. ಅದಾದ ಐದೇ ದಿನಕ್ಕೆ, ಇಬ್ಬರು ಕೂತು ರೊಟ್ಟಿ ಮಾಡಬೇಕಾದ ಪ್ರೋಗ್ರಾಮನ್ನು ಒಂಟಿ ಕೈಗೆ ಕೊಟ್ಟರು. ತಟ್ಟಲು ಎದ್ದರೆ ಹೆಂಚಿನ ಮೇಲಿನದು ಸೀಯುತ್ತದೆ, ಮಗುಚಲು ಹೋದರೆ ಹಿಟ್ಟು ಒಣಗುತ್ತದೆ. ಐವತ್ತು ನಿಮಿಷ ಆಗದೆ ಇನ್ನೇನು?

ಅದು ಯಾಕೆ ನಿಧಾನ ಎಂದು ಕರೆದ ಮೀಟಿಂಗಿನಲ್ಲಿ ಹದಿನಾಲ್ಕು ಜನ ಕೂತಿದ್ದರು. ರಾಮಾಂಜಿನಪ್ಪನಿಗೆ ಕುರ್ಚಿ ಇರಲಿಲ್ಲ. ಕೈಯಲ್ಲಿ ಒಂದು ಹಾಳೆ ಹಿಡಿದು ಗೋಡೆಗೆ ಒರಗದೆ ನಿಂತಿದ್ದ. ಎರಡೂ ಕೆಲಸ ಮಾಡ್ತಿದ್ಯಾ ಅಂತ ಒಂದ್ಸಲ ನೋಡ್ತೀರಾ ಸಾರ್ ಎಂದ. ನಾಣಿ ಪಟ್ಟಿಯ ಕಾಗದವನ್ನು ಅವನ ಮುಂದೆ ಹಿಡಿದು, ಇಲ್ಲಿ ಎಷ್ಟಿದೆ ಓದಿ ರಾಮಾಂಜಿನಪ್ಪ ಎಂದ. ಎರಡು ಸಾರ್. ಲೆಕ್ಕ ಬರುತ್ತಲ್ಲ ಹಾಗಾದ್ರೆ, ಎಂದ ನಾಣಿ. ಹದಿನಾಲ್ಕು ಜನವೂ ನಕ್ಕರು. ಜೋರಾಗಿಯೂ ಅಲ್ಲ, ಮೂಗಿನಲ್ಲಿ. ರಾಮಾಂಜಿನಪ್ಪನೂ ಅವರ ಜೊತೆ ನಗಲು ನೋಡಿ, ಹಾಳೆ ಮಡಿಸಿ ಜೇಬಿಗಿಟ್ಟುಕೊಂಡ. ಇಷ್ಟು ಸ್ಪಷ್ಟ. ಇದಾದ ಮೇಲಿನದೇ ಕಲಸಿಹೋಗಿದೆ. ಅದೇ ಮಧ್ಯಾಹ್ನವೋ ಮರುದಿನವೋ, ಎಲ್ಲರೂ ಕ್ಯಾಂಟೀನಿಗೆ ಹೋಗಿದ್ದಾಗ, ಕೋಕಿಲಾ ಕಟ್ಟಿಕೊಟ್ಟ ನಿಂಬೆಹಣ್ಣಿನ ಚಿತ್ರಾನ್ನದ ಡಬ್ಬಿ ತೆರೆದಿಟ್ಟುಕೊಂಡು ತಾನು ಈ ಯಂತ್ರದ ಮುಂದೆ ಕೂತಿದ್ದ. ಒಗ್ಗರಣೆಯ ಕರಿಬೇವಿನ ವಾಸನೆ ಈಗಲೂ ಇದೆ. ಬಲಗೈ ಅನ್ನದಲ್ಲಿತ್ತು; ಎಡಗೈಯಲ್ಲಿ ಒಂದೊಂದೇ ಅಕ್ಷರ ಒತ್ತಿ ಆ ಆಜ್ಞೆ ಕೊಟ್ಟಿದ್ದ. ಎಷ್ಟು ಕೆಲಸ ಮಾಡುತ್ತಿವೆ ಎಂದು ಕೇಳುವ ಆಜ್ಞೆ. ಆಮೇಲೆ? ಪರದೆಯ ಮೇಲೆ ಎರಡು ಸಾಲು ಬಂದವೇ? ಎರಡನೆಯ ಸಾಲಿನಲ್ಲಿ ಏನಿತ್ತು? ಈ ಹದಿನಾರು ವರ್ಷದಲ್ಲಿ ಎಷ್ಟೋ ಸಲ ಅದು ಕಣ್ಣ ಮುಂದೆ ಬಂದಿದೆ: ಹಲ್ಲುಜ್ಜುವಾಗ, ಯಾರದೋ ಮದುವೆಯ ಊಟದ ಸಾಲಿನಲ್ಲಿ. ಕೆಲವು ಸಲ ಅಲ್ಲಿ ಆಫ್‌ಲೈನ್ ಎಂದಿರುತ್ತದೆ, ಅವನು ಡಬ್ಬಿ ಮುಚ್ಚಿ ಪರದೆ ಆರಿಸಿ ಎದ್ದುಬಿಡುತ್ತಾನೆ. ಕೆಲವು ಸಲ ಫೋನು ಹೊಡೆದುಕೊಂಡು, ಓದುವ ಮೊದಲೇ ತಿರುಗುತ್ತಾನೆ. ಇನ್ನು ಕೆಲವು ಸಲ ಅವನು ಯಂತ್ರದ ಮುಂದೆ ಕೂತೇ ಇಲ್ಲ, ಚಿತ್ರಾನ್ನ ತಿಂದದ್ದು ಬೇರೆಲ್ಲೋ. ಇವುಗಳಲ್ಲಿ ಯಾವುದನ್ನು ತಾನು ಕಂಡದ್ದು, ಯಾವುದನ್ನು ಕಟ್ಟಿಕೊಂಡದ್ದು? ನೋಡಿದ್ದರೆ ಒಂದು ನಿಮಿಷದ ಕೆಲಸ, ಕಡತ ತೆಗೆದುಬಿಡಬಹುದಿತ್ತು. ತೆಗೆದಿದ್ದರೆ ಪ್ರೋಗ್ರಾಂ ಓಡುತ್ತಿತ್ತು. ಓಡಿದ್ದರೆ, ಹದಿನಾಲ್ಕು ಜನರ ಮುಂದೆ ಲೆಕ್ಕ ಬರುತ್ತಲ್ಲ ಎಂದವನ ಮುಖ ಏನಾಗುತ್ತಿತ್ತು? ಥೂ, ಎಂದುಕೊಂಡ. ಬಾಯಲ್ಲೇ ಅಂದನೋ ಏನೋ, ಪದ್ಮಶ್ರೀ ತಿರುಗಿ ನೋಡಿ, ನೀರು ಬೇಕಾ ಸಾರ್ ಎಂದಳು.

ಮುಗಿಯಿತು ಎಂದು ಯಂತ್ರ ಒಂದು ಸಾಲು ಬರೆದಾಗ ಹನ್ನೊಂದು ಇಪ್ಪತ್ತೆರಡು. ರಾಮಾಂಜಿನಪ್ಪ ವಾಚನ್ನು ಎತ್ತಿ ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. ಹತ್ತೊಂಬತ್ತು, ಎಂದ. ಗೆದ್ದವನ ದನಿಯಲ್ಲ, ಮನೆಯಲ್ಲಿ ಯಾರೋ ಜ್ವರ ನೋಡಿ ಹೇಳಿದ ಹಾಗೆ. ಆಮೇಲೆ ಕನ್ನಡಕ ತೆಗೆದು ಷರಟಿನ ತುದಿಯಲ್ಲಿ ಒರೆಸತೊಡಗಿದ, ಒರೆಸುತ್ತಲೇ ಇದ್ದ. ಪದ್ಮಶ್ರೀ ಒಬ್ಬೊಬ್ಬರ ಮುಖವನ್ನೂ ನೋಡಿ, ಏನೋ ಇದೆ ಎಂದು ತಿಳಿದು, ಏನೆಂದು ತಿಳಿಯದೆ ಪರದೆಯ ಕಡೆ ತಿರುಗಿದಳು. ಕಂಪನಿಯವರಲ್ಲ ಎಂದು ಹೇಳಬೇಕು ಎಂದುಕೊಂಡ ನಾಣಿ. ಎಂದುಕೊಳ್ಳುತ್ತಾ ಇರುವಾಗಲೇ ಬಾಯಿ ಹೇಳಿಬಿಟ್ಟಿತ್ತು.

"ಅದನ್ನ ಹಾಕಿದ್ದು ನಾನು, ರಾಮಾಂಜಿನಪ್ಪ."

"ಗೊತ್ತು ಸಾರ್. ಆರತಿ ತಟ್ಟೆ ಹಿಡ್ಕೊಂಡು ನಿಂತಿದ್ದು ನಾನೇ ಅಲ್ವಾ."

ನಾಣಿಗೆ ಆ ತಟ್ಟೆ ನೆನಪಿತ್ತು, ಕರ್ಪೂರ ನೆನಪಿತ್ತು. ಹಿಡಿದ ಕೈ ನೆನಪಿರಲಿಲ್ಲ. ಹಾಗಾದರೆ ಆವತ್ತೇ ಬಾಯಿ ಬಿಟ್ಟು ಹೇಳಬಾರದಿತ್ತೇ ಎಂದು ಕೇಳಿದ. ಕೇಳುವಾಗ ದನಿಯಲ್ಲಿ ಎಲ್ಲಿಂದಲೋ ಸ್ವಲ್ಪ ಗದರಿಕೆಯೂ ಸೇರಿತು, ಹಳೆಯ ಅಭ್ಯಾಸ. ರಾಮಾಂಜಿನಪ್ಪ ಕನ್ನಡಕ ಹಾಕಿಕೊಂಡ. ಹೇಳಿದೆನಲ್ಲ, ಎರಡೂ ಕೆಲಸ ಮಾಡುತ್ತಿವೆಯಾ ಒಂದು ಸಲ ನೋಡಿ ಎಂದು, ಇನ್ನು ಹೇಗೆ ಹೇಳಬೇಕಿತ್ತು ಎಂದ. ಪೂಜೆಯಲ್ಲಿ ಆರಿಸಿದ್ದು ಹಾಗೇ ಉಳಿದಿರಬಹುದು ಎಂದು ಅನುಮಾನವಿತ್ತು. ಆ ಆಜ್ಞೆ ಕೊಡುವ ಅಧಿಕಾರ ಹೆಲ್ಪರಿಗೆ ಇರಲಿಲ್ಲ. ಮಾರನೇ ವಾರ ಗೇಟಿಗೆ ಹಾಕಿದರು. ಇಷ್ಟನ್ನು ಅವನು ಯಂತ್ರದ ಕಡೆ ನೋಡಿಕೊಂಡೇ ಹೇಳಿದ. ಆಮೇಲೆ, ಬೆಳಿಗ್ಗೆಯಿಂದ ಮೊದಲ ಸಲ, ನಾಣಿಯ ಮುಖಕ್ಕೆ ಮುಖ ಕೊಟ್ಟ.

"ಒಂದ್ ಕೇಳ್ತೀನಿ ಸಾರ್. ಮೀಟಿಂಗ್ ಆದ್ಮೇಲೆ ನೀವು ಯಾವಾಗಾದ್ರೂ ನೋಡಿದ್ರಾ?"

ಗೊತ್ತಿಲ್ಲ ಎಂಬುದೇ ನಿಜವಾದ ಉತ್ತರವಾಗಿತ್ತು. ಗೊತ್ತಿಲ್ಲ ಎನ್ನಲು ನಾಣಿ ಬಾಯಿ ತೆರೆದ. ಕರಿಬೇವಿನ ವಾಸನೆ ಬಂತು, ಎಡಗೈಯ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಅಕ್ಷರ ಒತ್ತುತ್ತಿದ್ದವು. ಗೊತ್ತಿಲ್ಲ ಎಂದರೆ ಈ ಮನುಷ್ಯ ಸರಿ ಸಾರ್ ಎಂದು ಒಪ್ಪಿಕೊಂಡು ಹೋಗುತ್ತಾನೆ. ಹಣ್ಣನ್ನೂ ಕೊಟ್ಟು ಹೋಗುತ್ತಾನೆ.

"ನೋಡಿದೆ," ಎಂದ.

ಅದು ನೆನಪಿನಿಂದ ಬಂದದ್ದೋ, ಇವನಿಗೆ ಅಷ್ಟಾದರೂ ಕೊಡಬೇಕೆಂದು ಬಂದದ್ದೋ, ಹೇಳಿದ ಮೇಲೂ ತಿಳಿಯಲಿಲ್ಲ. ಹೇಳಿದ ಮೇಲೆ ಮಾತ್ರ ಬೇರೆಲ್ಲ ಮಧ್ಯಾಹ್ನಗಳೂ ಅಳಿಸಿಹೋಗಿ, ಪರದೆಯ ಮೇಲೆ ಎರಡನೆಯ ಸಾಲು ಉಳಿಯಿತು. ರಾಮಾಂಜಿನಪ್ಪ ಸರಿ ಎಂದ. ಆಮೇಲೆ ಪದ್ಮಶ್ರೀಯ ಕಡೆ ತಿರುಗಿ, ಇನ್ನೊಂದು ಸಲ ಓಡಿಸುತ್ತೀರಾ ಮೇಡಂ, ನಾಳೆಯಿಂದ ಇದು ಇರುವುದಿಲ್ಲವಲ್ಲ, ಎಂದು ಕೇಳಿದ. ಅವಳು ಇನ್ನೊಂದು ಬ್ಲೇಡಿನ ಅಳತೆ ಹಾಕಿದಳು. ಅದು ಮುಗಿದಾಗ ಮತ್ತೊಂದು. ಅವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಎರಡು ಭಾಗವೂ ಒಂದರ ಹಿಂದೊಂದು ಬರೆಯುತ್ತಾ ಹೋಗುವ ಸಾಲುಗಳನ್ನು ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದ. ನಾಣಿ ಕಂಪನಿಯ ಫಾರಂ ತೆಗೆದುಕೊಂಡ. ಪ್ರೊಸೆಸರ್ ಎಷ್ಟು ಎಂಬಲ್ಲಿ ಎರಡು ಎಂದು ತುಂಬಿದ. ನಿಧಾನಕ್ಕೆ ಕಾರಣ ಎಂಬಲ್ಲಿ, ಎರಡು ಸಾವಿರದ ಎಂಟರಲ್ಲಿ ಕೆ. ಎಸ್. ನಾರಾಯಣ ಎಂಬವನು ಹಾಕಿದ ಕಡತ ಒಂದನ್ನು ಆರಿಸುತ್ತಾ ಬಂದಿದೆ, ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಅದನ್ನು ಬರೆದವರು ರಾಮಾಂಜಿನಪ್ಪ, ಎಂದು ಬರೆದ. ಇಂಗ್ಲಿಷಿನಲ್ಲಿ ಎರಡೂವರೆ ಸಾಲಾಯಿತು. ಆವತ್ತು ಒಂದೂವರೆ ಪುಟ ಹೇಗೆ ತುಂಬಿಸಿದೆ ಎಂದು ಆಶ್ಚರ್ಯವಾಯಿತು. ಇದನ್ನು ಓದುವವರು ಯಾರು? ಹೊಸ ಕಂಪನಿಯ ಯಾವನೋ ಹುಡುಗ ಎರಡು ಎಂಬ ಅಂಕಿ ನೋಡಿ, ಉಳಿದದ್ದು ಬಿಟ್ಟುಬಿಡುತ್ತಾನೆ.

ನಾಲ್ಕು ಗಂಟೆಗೆ ಗೇಟಿನ ಹತ್ತಿರ ಇಬ್ಬರೂ ಒಬ್ಬರ ಹಿಂದೊಬ್ಬರು ಬಂದರು. ಕೋಣೆಯಿಂದ ಗೇಟಿನವರೆಗೆ ಅರ್ಧ ಮೈಲಿ ಹಾಗೇ ನಡೆದಿದ್ದರು. ಹಣ್ಣುಗಳಲ್ಲಿ ಎರಡನ್ನು ಪದ್ಮಶ್ರೀಗೆ ಕೊಟ್ಟು, ಉಳಿದ ಎರಡನ್ನು ರಾಮಾಂಜಿನಪ್ಪ ಚೀಲಕ್ಕೆ ಹಾಕಿಕೊಂಡದ್ದನ್ನು ನಾಣಿ ನೋಡಿದ್ದ. ರಹೀಂ ಎದ್ದು ಸಲಾಂ ಹೊಡೆದು, ಹೊರಗೆ ಹೋಗುವ ಸಮಯ ಬರೆಯಲು ರಿಜಿಸ್ಟರ್ ತಿರುಗಿಸಿ ಕೊಟ್ಟ. ರಾಮಾಂಜಿನಪ್ಪ ಸಮಯ ಬರೆದ, ಸಹಿ ಹಾಕಿದ. ಆಮೇಲೆ ಪೆನ್ನನ್ನು ಎಡಕ್ಕೆ ಸರಿಸಿ, ರಹೀಂ ಬೆಳಿಗ್ಗೆ ಬರೆದಿದ್ದ ಗೇಟ್ ಪಾಸ್ ಎಂಬುದರ ಮೇಲೆ ನಿಧಾನವಾಗಿ ಒಂದು ಗೀಟು ಎಳೆದು, ಪಕ್ಕದಲ್ಲಿ ಕಂಪ್ಯೂಟರ್ ಎಂದು ಬರೆದ. ರಹೀಂ ತಲೆಬುಡ ತಿಳಿಯದೆ, ಏನು ಸಾಬ್ ಇದು ಎಂದು ನಕ್ಕ. ಮೊದಲು ಅಲ್ಲೇ ಇದ್ದೆ ಕಣಪ್ಪಾ ಎಂದು ಹೇಳಿ ರಾಮಾಂಜಿನಪ್ಪ ಸ್ಕೂಟರಿನ ಕಡೆ ನಡೆದ. ಹೆಲ್ಮೆಟ್ಟು ಹಾಕಿಕೊಂಡ ಮೇಲೆ ಒಮ್ಮೆ ತಿರುಗಿದ.

"ಬರ್ತೀನಿ ನಾರಾಯಣ ಅವ್ರೇ."

ಇಷ್ಟು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಸಾರ್ ಬರಲಿಲ್ಲ. ಸ್ಕೂಟರು ಕೆ. ಆರ್. ಪುರದ ಟ್ರಾಫಿಕ್ಕಿನೊಳಗೆ ಸೇರಿಹೋಯಿತು. ಪಾಸು ಕೊಡಿ ಸಾಬ್, ಸಹಿ ಹಾಕಿ ಎಂದ ರಹೀಂ. ನಾಣಿ ಪೆನ್ನು ಹಿಡಿದು ಬಗ್ಗಿದ. ಪುಟದಲ್ಲಿ ಮೇಲೊಂದು ಕೆಳಗೊಂದು ಎರಡು ಸಾಲು, ಎರಡರಲ್ಲೂ ಕಂಪ್ಯೂಟರ್ ಎಂದಿತ್ತು. ಕನ್ನಡಕ ಮೇಲಕ್ಕೆ ಸರಿಸಿ, ಅದರಲ್ಲಿ ತನ್ನದು ಯಾವುದೆಂದು ಹುಡುಕತೊಡಗಿದ.